ಸೆರಗಿನ ಒಂಬತ್ತು ಗಂಟು

ಮೈಸೂರಿನ ಸಿಟಿ ಬಸ್ಸುಗಳಲ್ಲಿ ಈಗ ಒಬ್ಬಳು ಹೆಂಗಸು ಮಾತಾಡುತ್ತಾಳೆ. ಕಣ್ಣಿಗೆ ಕಾಣುವುದಿಲ್ಲ, ದನಿ ಮಾತ್ರ. ಮುಂದಿನ ನಿಲ್ದಾಣ ಇಂಥದ್ದು ಎಂದು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಹೇಳಿ ಸುಮ್ಮನಾಗುತ್ತಾಳೆ. ಎಲ್ಲರಿಗೂ ಅನುಕೂಲವೇ ಆಗಿದೆ. ನನಗೆ ಮಾತ್ರ ಆ ದನಿ ಕೇಳಿದರೆ ಸಿಟ್ಟು ಬರುತ್ತದೆ. ಇಷ್ಟು ವರ್ಷ ಎಲ್ಲಿ ಹೋಗಿದ್ದೆ ತಾಯಿ ಎಂದು ಕೇಳಬೇಕೆನಿಸುತ್ತದೆ. ಆಮೇಲೆ, ಪಾಪ, ಅವಳ ಮೇಲೆ ಯಾಕೆ ಎಗರಾಡಲಿ, ಆ ಮಾತನ್ನು ಅವತ್ತು ಹೇಳಬೇಕಾಗಿದ್ದವಳು ನಾನೇ ಅಲ್ಲವೇ ಎಂದು ನೆನಪಾಗಿ ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ.

ಕಳೆದ ತಿಂಗಳು ದೊಡ್ಡವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಬಸ್ಸಿನಲ್ಲಿ, ಅದೇ ಆಸ್ಪತ್ರೆಯ ದಾರಿಯಲ್ಲಿ ಹೋದೆ. ಅವಳಿಗೆ ಉಳಿದಿರುವುದು ಒಂದೇ ಕಣ್ಣು, ಅದಕ್ಕೂ ಪೊರೆ ಬಂದಿದೆ. ಪೆಟ್ಟಿಗೆಯಿಂದ ತೆಗೆದು ಉಟ್ಟುಕೊಂಡು ಬಂದಿದ್ದ ಸೀರೆಯ ಸೆರಗಿನಲ್ಲಿ ಹದವಾದ ಹೊಗೆಸೊಪ್ಪಿನ ವಾಸನೆ ಇತ್ತು. ನಮ್ಮ ಕಡೆಯ ಮನೆಗಳಲ್ಲಿ ಸೊಪ್ಪು ಮಾರಿ ಎಷ್ಟು ತಿಂಗಳಾದರೂ ಬಟ್ಟೆಯೊಳಗೆ, ಹಾಸಿಗೆಯೊಳಗೆ ಆ ವಾಸನೆ ಉಳಿದೇ ಇರುತ್ತದೆ. ಒಂದು ಕಾಲದಲ್ಲಿ ನಾನು ಅದಕ್ಕೆ ಮೂಗು ಮುರಿಯುತ್ತಿದ್ದೆ. ಅದು ಮೂಗಿಗೆ ಬಡಿದದ್ದೇ ತಡ, ತೊಂಬತ್ತರ ದಶಕದ ಕೊನೆಯ ಆ ಮಳೆಗಾಲ ಹಾಗೇ ಎದುರಿಗೆ ಬಂದು ನಿಂತಿತು.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು, ಹಾರನಹಳ್ಳಿಯಿಂದ ಸ್ವಲ್ಪ ಒಳಕ್ಕೆ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ, ಪುಟ್ಟತಾಯಮ್ಮ. ಮಕ್ಕಳಿಲ್ಲದ ಅವಳು ನನ್ನನ್ನು ಎತ್ತಿ ಆಡಿಸಿದವಳು ಎಂದರೆ ಕಡಿಮೆಯಾದೀತು. ಹೆತ್ತವಳ ಮುಂದೆ ನಾನು ಹಟ ಮಾಡಿದ್ದೇ ನೆನಪಿಲ್ಲ, ಮಾಡಿದ್ದೆಲ್ಲ ದೊಡ್ಡವ್ವನ ಹತ್ತಿರವೇ. ಪಿಯುಸಿ ಮುಗಿದಾಗ ಇನ್ನು ಸಾಕು, ಗಂಡು ನೋಡೋಣ ಎಂದು ಮನೆಯ ಗಂಡಸರೆಲ್ಲ ತೀರ್ಮಾನ ಮಾಡಿದ್ದರು. ನಮ್ಮ ಭಾಗ್ಯ ಇಸ್ಕೂಲ್ ಮೇಡಂ ಆಗೋದ ನಾನು ನೋಡಬೇಕು ಎಂದು ಮೂರು ದಿನ ಸರಿಯಾಗಿ ಊಟ ಮಾಡದೆ ಗುದ್ದಾಡಿ ನನ್ನನ್ನು ಮೈಸೂರಿಗೆ ಟಿ.ಸಿ.ಎಚ್. ಓದಲು ಕಳಿಸಿದವಳು ಅವಳು.

ದೊಡ್ಡವ್ವನಿಗೆ ಓದು ಬರಹ ಬಾರದು. ಆದರೆ ಲೆಕ್ಕದಲ್ಲಿ ಊರಿನಲ್ಲೇ ಅವಳನ್ನು ಮೀರಿಸುವವರಿರಲಿಲ್ಲ. ಹೊಗೆಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ, ಬ್ಯಾರನ್ ಎಂಬ ಎತ್ತರದ ಗೂಡಿನೊಳಗೆ ಸಾಲುಸಾಲಾಗಿ ನೇತುಹಾಕಿ, ಕೆಳಗೆ ಬೆಂಕಿ ಹಾಕಿ ಬೇಯಿಸುತ್ತಾರೆ. ನಮ್ಮ ಬ್ಯಾರನ್ನಿನಲ್ಲಿ ಪಕ್ಕದ ಹೊಲದ ಕಾಳೇಗೌಡರ ಸೊಪ್ಪೂ ಸೇರುತ್ತಿತ್ತು. ಯಾರವು ಎಷ್ಟು ಕಡ್ಡಿ ಎಂಬ ಲೆಕ್ಕ ದೊಡ್ಡವ್ವನದು. ಬಾಗಿಲ ಬಳಿ ನಿಂತು ಕಡ್ಡಿ ಒಳಕ್ಕೆ ಕೊಡುತ್ತಾ, ಇಪ್ಪತ್ತಾದಾಗ ಸೊಂಟದ ದಾರಕ್ಕೊಂದು ಗಂಟು ಹಾಕುವಳು. ಅವರಿಗೊಂದು ದಾರ, ನಮಗೊಂದು ದಾರ. ನಡುವೆ ಯಾರೊಂದಿಗಾದರೂ ಜಗಳವನ್ನೇ ಆಡಲಿ, ಗಂಟು ತಪ್ಪುತ್ತಿರಲಿಲ್ಲ. ಬ್ಯಾರನ್ ಬಿಚ್ಚಿದಾಗ ಎಣಿಸಿ ನೋಡಿದರೆ ಅಷ್ಟೇ ಇರುತ್ತಿತ್ತು. ಪುಟ್ಟತಾಯವ್ವನ ಗಂಟು ಎಂದರೆ ಎರಡೂ ಮನೆಯವರು ಮರುಮಾತಾಡುತ್ತಿರಲಿಲ್ಲ, ಅವಳಿಗೂ ಆ ವಿಷಯದಲ್ಲಿ ಸ್ವಲ್ಪ ಜಂಬವೇ ಇತ್ತು.

ಹೀಗೆ ಬೆಳೆದ ನಾನು ಮೈಸೂರಿಗೆ ಬಂದ ಮೊದಲ ವರ್ಷ ದಿಕ್ಕುಗೆಟ್ಟು ಹೋಗಿದ್ದೆ. ನಮ್ಮೂರಿಗೆ ಬರುತ್ತಿದ್ದದ್ದು ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಅದಕ್ಕೆ ನಂಬರ್ ಇದೆಯೆಂದೇ ನಮಗೆ ಗೊತ್ತಿರಲಿಲ್ಲ. ಡ್ರೈವರ್ ಹೆಸರೇ ಬಸ್ಸಿನ ಹೆಸರು. ಹಟ್ಟಿಯಿಂದ ಯಾರಾದರೂ ಓಡಿ ಬರುತ್ತಿದ್ದರೆ ಅವರಿಗಾಗಿ ನಿಲ್ಲುವುದು, ಬಾಣಂತಿ ಇದ್ದರೆ ಮನೆ ಮುಂದೆಯೇ ಇಳಿಸುವುದು. ಮೈಸೂರಿನಲ್ಲಿ ಎಲ್ಲ ಸರ್ಕಲ್‌ಗಳೂ ನನಗೆ ಒಂದೇ ಥರ ಕಾಣುತ್ತಿದ್ದವು. ಊರ ಬಸ್ಸು ಬರುವ ಸಬರ್ಬ್ ಸ್ಟ್ಯಾಂಡಿನಲ್ಲಿ ಇಳಿದು ಸಿಟಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವುದರೊಳಗೆ ಎರಡು ಸಲ ದಾರಿ ತಪ್ಪಿ ಅತ್ತಿದ್ದೇನೆ. ಎರಡನೇ ವರ್ಷದ ಹೊತ್ತಿಗೆ ಯಾವ ಬಸ್ಸು ಎಲ್ಲಿಗೆ, ಎಲ್ಲಿ ಇಳಿದು ಎಲ್ಲಿ ಹತ್ತಬೇಕು ಎಲ್ಲ ಬಾಯಿಪಾಠವಾಯಿತು. ಆಗ ನೋಡಿ ನನಗೆ ಕೊಂಬು ಬಂದದ್ದು. ಹಿಂದಿನ ವರ್ಷ ಅತ್ತವಳು ನಾನಲ್ಲವೇ ಅಲ್ಲ ಎಂಬಂತೆ, ಬೋರ್ಡ್ ಓದಲಾಗದೆ ಕೇಳಿದವರಿಗೆ ಅರ್ಧ ತಿರುಗಿ ಉತ್ತರ ಕೊಡುತ್ತಿದ್ದೆ.

ಆ ವರ್ಷದ ಆಷಾಢದಲ್ಲಿ ದೊಡ್ಡವ್ವ, ಲಾಟೀನಿನ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನತೊಡಗಿದಳು. ಬಲಗಣ್ಣು ನೋವು ಬೇರೆ. ಪಿರಿಯಾಪಟ್ಟಣದ ಡಾಕ್ಟರು ನೋಡಿ ಮೈಸೂರಿನ ಕಣ್ಣಾಸ್ಪತ್ರೆಗೆ ಬರೆದುಕೊಟ್ಟರು. ಬ್ಯಾರನ್ ಹಚ್ಚುವ ಕಾಲ, ನಾಲ್ಕೈದು ದಿನ ಬೆಂಕಿಯ ಮುಂದಿನಿಂದ ಗಂಡಸರು ಏಳುವ ಹಾಗಿಲ್ಲ. ಅವ್ವ ಕೂಲಿಯವರಿಗೆ ಅಡುಗೆ ಮಾಡಬೇಕು. ಮಗು ಅಲ್ಲೇ ಅದೆಯಲ್ಲ, ಅದೇ ಕರ್ಕೊಂಡು ಹೋಗುತ್ತದೆ ಎಂದು ದೊಡ್ಡಪ್ಪ ಹೇಳಿದರಂತೆ. ಮಗು ಎಂದರೆ ನಾನು.

ಎರಡು ಸಲ ಕರೆದುಕೊಂಡು ಹೋದೆ. ಕಣ್ಣಿನೊಳಗೆ ಒತ್ತಡ ಏರಿದೆ, ಚಿಕ್ಕದೊಂದು ಆಪರೇಷನ್ ಮಾಡಿದರೆ ಇಳಿಯುತ್ತದೆ, ತಡ ಮಾಡಿದರೆ ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ನನ್ನನ್ನು ಹತ್ತಿರ ಕರೆದು ಹೇಳಿದರು. ಅದನ್ನು ಮಾಡುವ ದೊಡ್ಡ ಡಾಕ್ಟರು ಹೊರಗಿನಿಂದ ತಿಂಗಳಿಗೊಂದು ಗುರುವಾರ ಬರುತ್ತಿದ್ದರು, ಮಧ್ಯಾಹ್ನದವರೆಗೆ ಮಾತ್ರ ಇರುತ್ತಿದ್ದರು. ಅವರು ಒಮ್ಮೆ ನೋಡಿ ದಿನ ಗೊತ್ತುಮಾಡಬೇಕಿತ್ತು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಆ ಎರಡು ಸಲವೂ ಬಸ್ಸಿನಲ್ಲಿ ನನಗೆ ಆದದ್ದು ನಾಚಿಕೆ. ಸುಮ್ಮನೆ ಒಪ್ಪಿಕೊಂಡುಬಿಡುತ್ತೇನೆ. ದೊಡ್ಡವ್ವನ ಬೆರಳುಗಳಿಗೆ ಹಸಿ ಸೊಪ್ಪಿನ ಅಂಟು ಮೆತ್ತಿ ಕಪ್ಪಾಗಿತ್ತು. ಊರಿನ ಬಸ್ಸಿನಲ್ಲಿ ಮಾತಾಡಿದ ಹಾಗೇ ಇಲ್ಲೂ ದೊಡ್ಡ ಗಂಟಲಲ್ಲಿ ಮಾತಾಡುವಳು. ಪಕ್ಕದವಳನ್ನು ಯಾವೂರವ್ವ ನಿಂದು, ಎಷ್ಟು ಮಕ್ಕಳು ಎಂದು ಕೇಳುವಳು. ಟಿಕೆಟ್ ಕೊಡಲು ಬಂದ ಕಂಡಕ್ಟರಿಗೆ, ಊಟ ಆಯ್ತಾ ಮಗ, ಮುಖ ಬಾಡ್ಯದೆ ಎಂದಳು. ಬಸ್ಸು ನಕ್ಕಿತು, ಕಂಡಕ್ಟರೂ ನಕ್ಕ. ಹಿಂದಿನ ಸೀಟಿನಲ್ಲಿ ನನ್ನ ಕಾಲೇಜಿನ ಇಬ್ಬರು ಹುಡುಗಿಯರಿದ್ದರು. ನಾನು ಮಾತ್ರ ನಗಲಿಲ್ಲ.

ಮೂರನೇ ಸಲ, ಅಂದರೆ ಆ ದೊಡ್ಡ ಡಾಕ್ಟರು ಬರುವ ಗುರುವಾರವೇ, ನನ್ನ ಹಾಸ್ಟೆಲಿನ ಗೆಳತಿ ಶೈಲಜಾ ಕೆ.ಆರ್.ಎಸ್.ಗೆ ಹೋಗೋಣ ಎಂದು ಗುಂಪು ಕಟ್ಟಿದಳು. ಕಾಲೇಜಿಗೆ ರಜೆ ಇತ್ತು. ನಾನು ಅದುವರೆಗೂ ಕೆ.ಆರ್.ಎಸ್. ನೋಡಿರಲಿಲ್ಲ. ದೊಡ್ಡವ್ವನಿಗೆ, ಅವತ್ತು ನನಗೆ ಪರೀಕ್ಷೆ ಇದೆ ಎಂದೆ. ಪರೀಕ್ಷೆ ಎಂದರೆ ದೇವರ ಕೆಲಸ ಎಂದು ನಂಬಿದ್ದವಳು, ತಕ್ಷಣ ನಾನೊಬ್ಬಳೇ ಹೋಗುತ್ತೇನೆ ಬುಡು ಎಂದಳು. ಆಗ ನನಗೆ ಹೊಳೆದದ್ದು ಗಂಟಿನ ಉಪಾಯ. ಎಷ್ಟು ಬುದ್ಧಿವಂತೆ ನಾನು ಎಂದು ಬೆನ್ನು ತಟ್ಟಿಕೊಂಡದ್ದೂ ಚೆನ್ನಾಗಿ ನೆನಪಿದೆ.

ಎರಡನೇ ಸಲ ಅವಳನ್ನು ವಾಪಸ್ ಕಳಿಸುವ ದಿನ ಸಿಟಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಎಲ್ಲ ಹೇಳಿಕೊಟ್ಟೆ. ಊರ ಬಸ್ಸು ಇಳಿದು ದೊಡ್ಡ ಗಡಿಯಾರ ನೋಡಿಕೊಂಡು ಇಲ್ಲಿಗೆ ನಡೆದು ಬರಬೇಕು. ಈ ಕಂಬದ ಹತ್ತಿರ ನಿಲ್ಲಬೇಕು. ಬೋರ್ಡಿನ ಮೇಲೆ ಎರಡು ಕಡ್ಡಿ ನಿಲ್ಲಿಸಿದ ಹಾಗಿದ್ದರೆ ಅದು ಹನ್ನೊಂದು, ಹತ್ತಬೇಕು. ಆಸ್ಪತ್ರೆ ಸ್ಟಾಪು ಎಂದು ಟಿಕೆಟ್ ಕೇಳಬೇಕು. ಹತ್ತುವ ಮೊದಲೇ ಸೆರಗಿಗೆ ಒಂಬತ್ತು ಗಂಟು ಹಾಕಿಕೊಂಡಿರಬೇಕು. ‘ಬಸ್ಸು ನಿಂತಾಗೆಲ್ಲ ಒಂದೊಂದು ಬಿಚ್ಚು. ಕೊನೇದು ಬಿಚ್ಚಿದ ತಕ್ಷಣ ಇಳ್ಕೊ’ ಎಂದೆ.

ಅವಳು ಮುಖ ಅರಳಿಸಿ, ಇದೇನು ಮಹಾ, ಬ್ಯಾರನ್ನಲ್ಲಿ ಸಾವಿರ ಎಣಿಸಿದವಳಿಗೆ ಒಂಬತ್ತಾ ಎಂದಳು. ತಪ್ಪಿದರೆ ಯಾರನ್ನಾದರೂ ಕೇಳುತ್ತೇನೆ ಎಂದೂ ಸೇರಿಸಿದಳು. ಅದಕ್ಕೆ ನಾನು ಹೇಳಿದ ಮಾತು ಇದು: ‘ಯಾರನ್ನೂ ಕೇಳ್ಬೇಡ ದೊಡ್ಡವ್ವ. ಬಸ್ಸಲ್ಲಿ ಬಾಯೇ ಬಿಡ್ಬೇಡ. ಹಳ್ಳಿಯೋರು ಅಂತ ಗೊತ್ತಾದ್ರೆ ಮೋಸ ಮಾಡ್ತಾರೆ.’ ಮೈಸೂರಿನಲ್ಲಿ ಯಾರೂ ನನಗೆ ಮೋಸ ಮಾಡಿರಲಿಲ್ಲ. ಅವಳು ಮಾತಾಡುವುದು ನನಗೆ ಬೇಕಿರಲಿಲ್ಲ, ಅಷ್ಟೇ. ಅವತ್ತು ಅವಳ ಬಾಯನ್ನು ನಾನು ಹೊಲಿದು ಕಳಿಸಿದೆ.

ಗುರುವಾರ ಸಣ್ಣಗೆ ಮಳೆ ಹನಿಯುತ್ತಿತ್ತು. ನಾವು ಎಂಟು ಹುಡುಗಿಯರು ಕೆ.ಆರ್.ಎಸ್. ಬಸ್ಸು ಹತ್ತಿದೆವು. ನಾನು ಕಿಟಕಿ ಪಕ್ಕ. ದೊಡ್ಡವ್ವನ ಬಸ್ಸು ಆಗಲೇ ಹೋಗಿರಬೇಕು ಎಂದು ಲೆಕ್ಕ ಹಾಕಿಕೊಂಡೇ ಬಂದಿದ್ದೆ. ಮೂರನೆಯದೋ ನಾಲ್ಕನೆಯದೋ ಸರ್ಕಲ್‌ನಲ್ಲಿ, ಛತ್ರಿಯ ಕೆಳಗೆ ನಿಂತಿದ್ದ ಪೊಲೀಸಿನವರು ಕೈ ಅಡ್ಡ ಹಿಡಿದರು. ನಮ್ಮ ಬಸ್ಸು ನಿಂತಿತು. ಪಕ್ಕದಲ್ಲಿ ಇನ್ನೊಂದು ಬಸ್ಸು ಮೊದಲೇ ನಿಂತಿತ್ತು. ಅದರ ಕಿಟಕಿಯಲ್ಲಿ ದೊಡ್ಡವ್ವ ಕೂತಿದ್ದಳು.

ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ತಲೆಗೆ ಎಣ್ಣೆ ಹಾಕಿ ಬಾಚಿ, ಹೂ ಮುಡಿದು, ತುಟಿ ಬಿಗಿಹಿಡಿದು ಕೂತಿದ್ದಳು. ಅವಳು ಹಾಗೆ ಬಾಯಿ ಮುಚ್ಚಿ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಯಾರನ್ನೂ ನೋಡುತ್ತಿರಲಿಲ್ಲ, ತಲೆ ತಗ್ಗಿಸಿ ಸೆರಗನ್ನೇ ನೋಡುತ್ತಿದ್ದಳು. ಬಿಗಿಯಾಗಿದ್ದ ಗಂಟೊಂದನ್ನು ಹಲ್ಲಿನಲ್ಲಿ ಕಚ್ಚಿ ಸಡಿಲ ಮಾಡಿ, ಉಗುರಿನಿಂದ ಬಿಚ್ಚಿದಳು. ಬಿಚ್ಚಿ, ಉಳಿದ ಗಂಟುಗಳನ್ನು ಬೆರಳಿನಿಂದ ಸವರಿ ಎಣಿಸಿಕೊಂಡಳು.

ಆ ಕ್ಷಣ ನನಗೆ ಎಲ್ಲ ಅರ್ಥವಾಯಿತು. ನಾನು ಒಂಬತ್ತು ಎಣಿಸಿದ್ದು ಸ್ಟಾಪುಗಳನ್ನು. ಅವಳು ಬಿಚ್ಚುತ್ತಿದ್ದದ್ದು ಬಸ್ಸು ನಿಂತ ಕಡೆಯಲ್ಲೆಲ್ಲ. ಅವಳ ಊರಿನಲ್ಲಿ ಬಸ್ಸು ನಿಂತಿತು ಎಂದರೆ ಯಾರೋ ಇಳಿಯುತ್ತಾರೆ ಇಲ್ಲವೇ ಹತ್ತುತ್ತಾರೆ. ಪೊಲೀಸಿನವನ ಕೈಗೆ, ಅಡ್ಡ ಬಂದ ಗಾಡಿಗೆ ಬಸ್ಸು ನಿಲ್ಲುತ್ತದೆ ಎಂದು ಅವಳಿಗೆ ಯಾರು ಹೇಳಿದ್ದರು? ನಿಂತಾಗೆಲ್ಲ ಬಿಚ್ಚು ಎಂದಿದ್ದೆ, ಬಿಚ್ಚುತ್ತಿದ್ದಳು. ಒಂದು ಮಾತು ಸಾಕಿತ್ತು. ದೊಡ್ಡವ್ವ, ಇದು ಸ್ಟಾಪಲ್ಲ ಎಂದು ಕೂಗಿದ್ದರೆ ಮುಗಿಯುತ್ತಿತ್ತು. ಕೂಗಿದರೆ ಪರೀಕ್ಷೆಯ ಸುಳ್ಳು ಬಯಲಾಗುತ್ತದೆ. ಕಪ್ಪು ಬೆರಳಿನ ಆ ಹೆಂಗಸು ನನ್ನ ದೊಡ್ಡವ್ವ ಎಂದು ಪಕ್ಕದಲ್ಲಿದ್ದ ಶೈಲಜಾಗೆ ಗೊತ್ತಾಗುತ್ತದೆ. ನಾನು ಚಪ್ಪಲಿ ಸರಿಮಾಡಿಕೊಳ್ಳುವವಳ ಹಾಗೆ ಬಗ್ಗಿದೆ. ಬಸ್ಸು ಹೊರಟು ಎಷ್ಟೋ ದೂರ ಹೋದ ಮೇಲೆ ತಲೆ ಎತ್ತಿದೆ.

ಕೆ.ಆರ್.ಎಸ್.ನಲ್ಲಿ ಏನು ನೋಡಿದೆನೋ ಕೇಳಬೇಡಿ. ನೀರು ಚಿಮ್ಮುತ್ತಿತ್ತು, ಎಲ್ಲರೂ ಫೋಟೋ ತೆಗೆಸಿಕೊಂಡೆವು. ಆ ಫೋಟೋ ಈಗಲೂ ಇದೆ, ಅದರಲ್ಲಿ ನಾನು ನಗುತ್ತಿದ್ದೇನೆ. ಯಾರನ್ನಾದರೂ ಕೇಳಿರುತ್ತಾಳೆ ಬಿಡು, ಸುಮ್ಮನಿರುವ ಜಾತಿಯಲ್ಲ ಅವಳದು ಎಂದು ಮನಸ್ಸಿಗೆ ಹೇಳಿಕೊಂಡೆ. ಕೇಳಬೇಡ ಎಂದು ಹೇಳಿದವಳು ನಾನೇ ಎಂಬುದನ್ನು ಆ ಹೊತ್ತಿಗೆ ಮರೆತಂತೆ ಇದ್ದೆ.

ನಡೆದದ್ದು ತಿಳಿದದ್ದು ಗೌರಿ ಹಬ್ಬಕ್ಕೆ ಊರಿಗೆ ಹೋದಾಗ. ಒಂಬತ್ತನೇ ಗಂಟು ಬಿಚ್ಚಿದ್ದು ಯಾವುದೋ ಸರ್ಕಲ್‌ನಲ್ಲಂತೆ. ಹೇಳಿಕೊಟ್ಟ ಹಾಗೇ ತಕ್ಷಣ ಇಳಿದಿದ್ದಾಳೆ. ಆಸ್ಪತ್ರೆ ಇಲ್ಲ. ಎಲ್ಲೋ ಎದುರಿಗೇ ಇರಬೇಕು ಎಂದು ಮಳೆಯಲ್ಲಿ ಸುತ್ತಿದ್ದಾಳೆ. ಮಗು ಹೇಳಿದೆ ಎಂದು ಯಾರನ್ನೂ ಕೇಳಿಲ್ಲ. ಕಾಲು ಸೋತು ಒಂದು ಹೂವಿನ ಅಂಗಡಿಯ ಮುಂದೆ ಕೂತಾಗ ಅಂಗಡಿಯವಳೇ ಮಾತಾಡಿಸಿ ದಾರಿ ತೋರಿಸಿದಳಂತೆ. ಆಸ್ಪತ್ರೆ ಮುಟ್ಟುವಾಗ ಡಾಕ್ಟರು ಹೊರಟುಹೋಗಿದ್ದರು. ಮುಂದಿನ ತಿಂಗಳು ಬನ್ನಿ ಎಂದು ಚೀಟಿ ಕೊಟ್ಟು ಕಳಿಸಿದ್ದರು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ತಪ್ಪು ಮಾಡಿದ ಮಗುವಿನ ಹಾಗೆ. ‘ನೀನು ಅಷ್ಟು ಚೆಂದಾಗಿ ಏಳ್ಕೊಟ್ಟಿದ್ದೆ ಕಣವ್ವ. ನಾನೇ ಎಲ್ಲೋ ಒಂದೆರಡು ಗಂಟು ತಪ್ಪಿಸ್ಬುಟ್ಟೆ’ ಎಂದಳು. ಆಮೇಲೆ ಪರೀಕ್ಷೆ ಹೇಗಾಯಿತು ಎಂದು ಕೇಳಿದಳು. ಚೆನ್ನಾಗಾಯಿತು ಎಂದೆ.

ಮಾರನೇ ದಿನ ಬ್ಯಾರನ್ ತುಂಬುವುದಿತ್ತು. ದೊಡ್ಡಪ್ಪ ಒಳಗೆ ಅಟ್ಟಣೆ ಹತ್ತಿ ನಿಂತು ಕಡ್ಡಿ ಕೊಡಿ ಎಂದರು. ಕಾಳೇಗೌಡರು ತಮಾಷೆಗೆ, ನೋಡವ್ವ, ಒಂಬತ್ತು ಎಣಿಸಕ್ಕಾಗದವಳು ನಮ್ಮ ಕಡ್ಡಿ ನುಂಗಿಬುಟ್ಟೀಯಾ ಎಂದರು. ಎಲ್ಲರೂ ನಕ್ಕರು. ಬೇರೆ ದಿನವಾಗಿದ್ದರೆ ದೊಡ್ಡವ್ವ ಅವರ ಏಳು ತಲೆಮಾರನ್ನು ಎಳೆದು ತರುತ್ತಿದ್ದಳು. ಅವತ್ತು ಸೊಂಟದಿಂದ ಎರಡೂ ದಾರ ಬಿಚ್ಚಿ ನನ್ನ ಕೈಗಿಟ್ಟು, ‘ಇನ್ಮೇಲೆ ನೀವೇ ಎಣಿಸ್ಕಳಿ. ನನ್ ಗಂಟು ನನಗೇ ಸುಳ್ ಏಳ್ತಾವೆ’ ಎಂದಳು. ಓದಿದವಳು ಎಣಿಸಲಿ ಎಂದು ಎಲ್ಲರೂ ಒಪ್ಪಿದರು.

ನಾನು ದಾರವನ್ನು ಪಕ್ಕಕ್ಕಿಟ್ಟು ನೋಟ್‌ಬುಕ್ಕಿನಲ್ಲಿ ಗೀಟು ಹಾಕುತ್ತಾ ಎಣಿಸಿದೆ. ನಡುವೆ ಎಲ್ಲೋ ಲೆಕ್ಕ ತಪ್ಪಿದೆ. ಬ್ಯಾರನ್ ಬಿಚ್ಚಿದಾಗ ನಾನು ಬರೆದದ್ದಕ್ಕಿಂತ ಇಪ್ಪತ್ತು ಕಡ್ಡಿ ಕಡಿಮೆ ಬಂತಂತೆ. ಕಡ್ಡಿ ಜಾರಿ ಕೆಳಗೆ ಬಿದ್ದು ಸುಟ್ಟಿರಬೇಕು ಎಂದರಂತೆ ಎಲ್ಲರೂ. ಓದಿದವಳ ಲೆಕ್ಕದ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ದೊಡ್ಡವ್ವ ಮತ್ತೆ ಮೈಸೂರಿಗೆ ಹೋಗಲಿಲ್ಲ. ಆ ಊರು ನನ್ನ ಕೈಗೆ ಹತ್ತುವುದಿಲ್ಲ ಎಂದಳು. ಸೊಪ್ಪಿನ ಕಾಲ ಮುಗಿಯಲಿ ಎಂದರು ಮನೆಯವರು. ನಾನು ಬಂದು ಕರೆದುಕೊಂಡು ಹೋಗಬಹುದಿತ್ತು. ಕರೆದುಕೊಂಡು ಹೋದರೆ ಬಸ್ಸಿನಲ್ಲಿ ಅವಳ ಪಕ್ಕ ಕೂರಬೇಕು, ಬಸ್ಸು ಆ ಸರ್ಕಲ್‌ಗಳಲ್ಲಿ ನಿಲ್ಲುತ್ತದೆ, ನಿಂತಾಗ ಅವಳಿಗೆ ಎಲ್ಲ ಅರ್ಥವಾಗುತ್ತದೆ. ಆ ಭಯಕ್ಕೆ ನಾನೂ ಸೊಪ್ಪಿನ ಕಾಲದ ನೆಪ ಹಿಡಿದೆ. ದೀಪಾವಳಿ ಕಳೆದು ಮುಂದಿನ ವರ್ಷದ ಯುಗಾದಿ ಬರುವುದರೊಳಗೆ ಬಲಗಣ್ಣು ಪೂರ್ತಿ ಕತ್ತಲಾಯಿತು. ಒಂದು ಗುರುವಾರ ತಪ್ಪಿದ್ದಕ್ಕೇ ಕಣ್ಣು ಹೋಗುವುದಿಲ್ಲ, ತಿಂಗಳುಗಟ್ಟಲೆ ಬಿಟ್ಟದ್ದಕ್ಕೆ ಹೋಗಿರುತ್ತದೆ ಎಂದು ಎಷ್ಟೋ ವರ್ಷದ ಮೇಲೆ ಡಾಕ್ಟರೊಬ್ಬರು ಹೇಳಿದರು. ನನಗೆ ಸಮಾಧಾನವಾಗಲೆಂದು ಹೇಳಿದ್ದು. ಆ ತಿಂಗಳುಗಳನ್ನು ಬಿಟ್ಟದ್ದು ಯಾಕೆ ಎಂದು ಅವರಿಗೇನು ಗೊತ್ತು?

ನಾನು ಮೇಡಂ ಆದೆ. ಹುಣಸೂರಿನಲ್ಲಿ ಮನೆ ಮಾಡಿದೆ. ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಹೇಳಿಕೊಡುವಾಗ ಒಂದೊಂದು ಮಾತನ್ನೂ ಎರಡೆರಡು ಸಲ ಬಿಡಿಸಿ ಹೇಳುತ್ತೇನೆಂದು ಮಕ್ಕಳು ನನ್ನನ್ನು ಆಡಿಕೊಳ್ಳುತ್ತಾರೆ. ಊರಿನಲ್ಲಿ ಒಂಬತ್ತು ಎಣಿಸಲಾಗದವಳು ಎಂಬ ತಮಾಷೆ ಹಾಗೇ ಉಳಿಯಿತು. ಕಾಳೇಗೌಡರು ಹೋದರು, ಅವರ ಮಕ್ಕಳು ಮುಂದುವರಿಸಿದರು. ದೊಡ್ಡವ್ವನೂ ಜೊತೆಗೆ ನಗುತ್ತಿದ್ದಳು. ಹಬ್ಬಕ್ಕೆ ಹೋದಾಗಲೆಲ್ಲ ಹೇಳಿಬಿಡಬೇಕು ಎಂದುಕೊಳ್ಳುವುದು, ಅವಳು ಬಡಿಸಿದ್ದನ್ನು ತಿಂದು ಬಾಯಿ ಒರೆಸಿಕೊಂಡು ಬರುವುದು, ಹೀಗೇ ನಡೆಯಿತು.

ಕಳೆದ ತಿಂಗಳು ಬಸ್ಸಿನಲ್ಲಿ ಆ ಸೆರಗಿನ ವಾಸನೆಗೆ ತಡೆಯಲಾಗಲಿಲ್ಲ. ಆಟೋದಲ್ಲಿ ಹೋಗೋಣ ಎಂದಿದ್ದೆ, ಬಸ್ಸೇ ಬೇಕೆಂದವಳು ಅವಳು. ಅವಳ ಕೈ ಹಿಡಿದುಕೊಂಡು ಎಲ್ಲ ಹೇಳಿದೆ. ಪರೀಕ್ಷೆ ಇರಲಿಲ್ಲ ಎಂದೆ. ನಿನ್ನ ಲೆಕ್ಕ ತಪ್ಪಿರಲಿಲ್ಲ, ನಾನು ಹೇಳಿಕೊಟ್ಟದ್ದೇ ತಪ್ಪು ಎಂದೆ. ಪಕ್ಕದ ಬಸ್ಸಿನಲ್ಲಿ ಇದ್ದೆ, ನೀನು ಹಲ್ಲಿನಲ್ಲಿ ಗಂಟು ಬಿಚ್ಚುವುದನ್ನು ಕಣ್ಣಾರೆ ನೋಡಿ ತಲೆ ಬಗ್ಗಿಸಿದೆ ಎಂದೂ ಹೇಳಿದೆ. ಹೇಳಿ ಕಣ್ಣು ಮುಚ್ಚಿಕೊಂಡೆ.

ದೊಡ್ಡವ್ವ ನನ್ನ ಕೆನ್ನೆ ಸವರಿ ನಕ್ಕಳು. ‘ನಿನ್ ಒಟ್ಟೆ ತಣ್ಣಗಿರ್ಲಿ ಕಣವ್ವ. ಮುದುಕಿ ನೊಂದ್ಕತಾಳೆ ಅಂತ ನನ್ ತಪ್ಪ ನಿನ್ ತಲೆ ಮ್ಯಾಲೆ ಆಕ್ಕತಿದ್ದೀಯಾ? ನೀನು ನನ್ನ ನೋಡಿದ್ರೆ ಕೂಗ್ದೆ ಇರ್ತಿದ್ಯಾ?’

ಇಲ್ಲ, ನಿಜವಾಗಿ ನೋಡಿದೆ ಎಂದು ಮತ್ತೆ ಹೇಳಿದೆ. ಬುಡು ಬುಡು ಎಂದಳು. ಪಕ್ಕದಲ್ಲಿ ನಿಂತಿದ್ದ ಹೆಂಗಸಿಗೆ, ನಮ್ಮ ಮಗು ಮೇಡಮ್ಮು, ಎಂಥ ಗುಣ ನೋಡವ್ವ ಎಂದು ಹೊಗಳತೊಡಗಿದಳು. ಆ ಹೆಂಗಸು ನನ್ನ ಕಡೆ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸಿದಳು.

ಅಷ್ಟರಲ್ಲಿ ಸಿಗ್ನಲ್ ಕೆಂಪಾಗಿ ಬಸ್ಸು ನಿಂತಿತು. ಪೊರೆ ಕಟ್ಟಿದ ಕಣ್ಣನ್ನು ಕಿಟಕಿಯತ್ತ ತಿರುಗಿಸಿ, ದೊಡ್ಡವ್ವ ಚೀಲ ಎತ್ತಿಕೊಂಡು ಸೀಟಿನಿಂದ ಅರ್ಧ ಎದ್ದಳು.

‘ಇದು ಸ್ಟಾಪಲ್ಲ ದೊಡ್ಡವ್ವ, ಇಳೀಬೇಡ’ ಎಂದೆ.

ಮುಂದಿನ ಸೀಟಿನವರು, ಕಂಡಕ್ಟರು, ಎಲ್ಲರೂ ನನ್ನತ್ತ ತಿರುಗಿ ನೋಡಿದರು. ನಾನು ಕೂಗಿ ಹೇಳಿದ್ದೆ ಎಂಬುದು ಆಗ ನನಗೆ ಗೊತ್ತಾಯಿತು.